ಗಬ್ಬದ ಹಸುವಿಗೆ ಯಾವ ಹಿಂಡಿ?



ಕೆಲವು ವರ್ಷಗಳ ಹಿಂದೆ, ವೈಶಾಖದ ಒಂದು ಮುಂಜಾನೆ, ನಮ್ಮ ಕೊಟ್ಟಿಗೆಯಲ್ಲಿ ಗಬ್ಬದ ಹಸುವೊಂದು ಮೇಲೇಳಲಾರದೆ ಮಲಗಿತ್ತು. ಗೋದಲಿಯ ತುಂಬ ಬೈಹುಲ್ಲಿತ್ತು. ಇಷ್ಟು ಹುಲ್ಲಿರುವಾಗ ಹಸು ಬಡಕಲಾದದ್ದೇಕೆ ಎಂದು ನನ್ನ ತಾಯಿ ಕೇಳಿದರು. ಡಾಕ್ಟರೇಟ್ ಪಡೆದಿದ್ದ ನನಗೆ ಉತ್ತರ ತಿಳಿದಿತ್ತು. ಆದರೆ ಆ ತಿಳಿವನ್ನು ಎರಡು ತಿಂಗಳು ಮೊದಲೇ ಕೊಟ್ಟಿಗೆಗೆ ತಂದಿರಲಿಲ್ಲ. ಹಸುವನ್ನು ಉಳಿಸಿಕೊಂಡೆವು, ಕರು ಉಳಿಯಲಿಲ್ಲ.

ಹುಲ್ಲಿನ ನಾರನ್ನು ಕರಗಿಸುವುದು ಹಸುವಲ್ಲ, ಅದರ ಮೊದಲ ಹೊಟ್ಟೆಯಲ್ಲಿರುವ ಕೋಟ್ಯಂತರ ಸೂಕ್ಷ್ಮಜೀವಿಗಳು. ಆಹಾರದ ಒಣ ತೂಕದಲ್ಲಿ ಶೇಕಡಾ 7ರಷ್ಟಾದರೂ ಪ್ರೋಟೀನು ಇಲ್ಲದಿದ್ದರೆ ಅವು ಸೊರಗುತ್ತವೆ. ಬೈಹುಲ್ಲಿನಲ್ಲಿರುವುದು ಶೇಕಡಾ 3ರಿಂದ 4 ಮಾತ್ರ. ಆಗ ತಿಂದ ಹುಲ್ಲು ಬೇಗ ಜೀರ್ಣವಾಗದು. ಹಸು ತಿನ್ನುವುದನ್ನೂ ಕಡಿಮೆ ಮಾಡುತ್ತದೆ. ಗರ್ಭಕಾಲ ಸುಮಾರು 280 ದಿನ. ಕರುವಿನ ತೂಕದ ಹೆಚ್ಚಿನ ಪಾಲು ಬೆಳೆಯುವುದು ಕೊನೆಯ ಮೂರು ತಿಂಗಳಲ್ಲಿ. ಮೇವಿನಲ್ಲಿ ಸಿಗದದ್ದನ್ನು ತಾಯಿ ತನ್ನ ಮೈಮಾಂಸ ಕರಗಿಸಿ ಕರುವಿಗೆ ಕೊಡುತ್ತಾಳೆ.

ಹಾಗಾದರೆ ಯಾವ ಹಿಂಡಿ ಕೊಳ್ಳಬೇಕು? ಚೀಲದ ಬೆಲೆಯನ್ನಲ್ಲ, ಪ್ರೋಟೀನಿನ ಬೆಲೆಯನ್ನು ನೋಡಿರಿ. ಶೇಂಗಾ ಹಿಂಡಿಯಲ್ಲಿ ಸುಮಾರು ಶೇಕಡಾ 40, ಕೊಬ್ಬರಿ ಹಿಂಡಿಯಲ್ಲಿ ಅದರ ಅರ್ಧದಷ್ಟು ಪ್ರೋಟೀನಿರುತ್ತದೆ. ಶೇಂಗಾ ಹಿಂಡಿಯ ಬೆಲೆ ಕೊಬ್ಬರಿ ಹಿಂಡಿಯ ಎರಡು ಪಟ್ಟಿಗಿಂತ ಕಡಿಮೆ ಇದ್ದರೆ ಶೇಂಗಾ ಹಿಂಡಿಯೇ ಅಗ್ಗ. ನಾಲ್ಕು ಕಿಲೋ ಬೈಹುಲ್ಲು ತಿನ್ನುವ ಗಿಡ್ಡ ಹಸುವಿಗೆ ದಿನಕ್ಕೆ ಅರ್ಧ ಕಿಲೋ ಶೇಂಗಾ ಹಿಂಡಿ ಕೊಟ್ಟರೆ ಒಟ್ಟು ಆಹಾರದ ಪ್ರೋಟೀನು ಶೇಕಡಾ 7ನ್ನು ದಾಟುತ್ತದೆ. ಬೂಷ್ಟು ಹಿಡಿದ ಹಿಂಡಿಯನ್ನು ಮಾತ್ರ ಎಷ್ಟೇ ಅಗ್ಗವಾದರೂ ತರಬೇಡಿರಿ. ಅದರಲ್ಲಿನ ಅಫ್ಲಾಟಾಕ್ಸಿನ್ ಎಂಬ ವಿಷ ಯಕೃತ್ತನ್ನು ಕೆಡಿಸುತ್ತದೆ. ಹಿಂಡಿಗೆ ಬದಲೆಂದು ಯೂರಿಯಾವನ್ನು ಅಂದಾಜಿನಲ್ಲಿ ಬೆರೆಸುವುದಂತೂ ಹಸುವಿನ ಪ್ರಾಣಕ್ಕೇ ಅಪಾಯ.

ಕೊಳ್ಳಲು ಹಣವಿಲ್ಲದವರ ಕಣ್ಣು ಸಹಜವಾಗಿಯೇ ಸೊಪ್ಪಿನಬೆಟ್ಟದತ್ತ ಹೊರಳುತ್ತದೆ. ಅಡಿಕೆ ತೋಟದ ಗೊಬ್ಬರಕ್ಕಾಗಿ ಆ ಮರಗಳ ರೆಂಬೆಗಳನ್ನು ನಾವು ಈಗಾಗಲೇ ಸಾಕಷ್ಟು ಕಡಿದಿದ್ದೇವೆ. ಬೇಸಿಗೆಯಲ್ಲಿ ಮೇವಿಗೂ ಅವನ್ನೇ ಬೋಳಿಸಿದರೆ ಬೆಟ್ಟ ಚಿಗುರುವುದು ಯಾವಾಗ? ಇದಕ್ಕೆ ಬೇಲಿಯಲ್ಲೇ ಉತ್ತರವಿದೆ. ಗ್ಲಿರಿಸಿಡಿಯಾ ಸೊಪ್ಪಿನ ಒಣ ತೂಕದಲ್ಲಿ ಶೇಕಡಾ 20ರಷ್ಟು ಪ್ರೋಟೀನಿರುತ್ತದೆ. ಅದರ ಎರಡು ಕಿಲೋ ಹಸಿ ಸೊಪ್ಪು ಹೆಚ್ಚುಕಡಿಮೆ ಕಾಲು ಕಿಲೋ ಶೇಂಗಾ ಹಿಂಡಿಗೆ ಸಮ. ಅಂದರೆ ಹಿಂಡಿಯ ಖರ್ಚು ಅರ್ಧಕ್ಕಿಳಿಯುತ್ತದೆ. ಅದರ ವಾಸನೆಗೆ ಹಸು ಮೊದಲು ಮುಖ ತಿರುಗಿಸಬಹುದು. ಒಂದು ರಾತ್ರಿ ಬಾಡಿಸಿ, ಹಿಡಿಯಷ್ಟರಿಂದ ಆರಂಭಿಸಿರಿ. ಅಜೋಲ್ಲಾ ಬೆಳೆಸುವ ಮಿತ್ರರು ಒಂದು ಲೆಕ್ಕವನ್ನು ನೆನಪಿಡಬೇಕು: ಒಂದು ಕಿಲೋ ಹಸಿ ಅಜೋಲ್ಲಾದಲ್ಲಿ 900 ಗ್ರಾಂಗಿಂತ ಹೆಚ್ಚು ನೀರೇ. ಅದೊಂದನ್ನೇ ನಂಬಿದರೆ ಸಾಲದು.

ವಿದ್ಯಾರ್ಥಿ ಮಿತ್ರರೆ, ಮಳೆಗಾಲ ಆರಂಭವಾದೊಡನೆ ನಿಮ್ಮ ಮನೆಯ ಬೇಲಿಗೆ ಹತ್ತು ಗ್ಲಿರಿಸಿಡಿಯಾ ಗೂಟ ನೆಡಿರಿ. ಹಿರಿಯರೆ, ಹಸು ಗಬ್ಬವಾದ ದಿನವನ್ನು ಕೊಟ್ಟಿಗೆಯ ಗೋಡೆಯ ಮೇಲೆ ಬರೆದಿಡಿರಿ. ಆರು ತಿಂಗಳು ತುಂಬಿದೊಡನೆ ಹಿಂಡಿ, ಸೊಪ್ಪು ಆರಂಭವಾಗಲಿ. ಹಸು ನೆಲ ಹಿಡಿದ ಮೇಲೆ ತಂದ ಹಿಂಡಿ ಕರುವಿಗೆ ಆಗುವುದಿಲ್ಲ. ನಮ್ಮ ಕೊಟ್ಟಿಗೆಯಲ್ಲಿ ಆದದ್ದು ನಿಮ್ಮ ಕೊಟ್ಟಿಗೆಯಲ್ಲಿ ಆಗದಿರಲಿ.