ಗಂಡಸರ ಕಾಯಿಲೆಗೂ ವಿಮೆಯಲ್ಲಿ ಸ್ಥಳವಿರಲಿ

(ಗಿರಣಿ ಕೆಲಸಗಾರರ ಹಾಗೂ ಸಣ್ಣ ವರ್ತಕರ ಸಭೆಯಲ್ಲಿ ಮಾಡಿದ ಭಾಷಣ)



ಬಸ್ ನಿಲ್ದಾಣದ ಹಿಂದಿನ ಗೋಡೆಯನ್ನು ನಾವೆಲ್ಲರೂ ಓದಿದ್ದೇವೆ. ಓದಿಲ್ಲವೆಂಬಂತೆ ಮುಂದೆ ನಡೆದಿದ್ದೇವೆ. ‘ಗುಪ್ತರೋಗ, ನರದೌರ್ಬಲ್ಯ, ಗ್ಯಾರಂಟಿ ಚಿಕಿತ್ಸೆ’ ಎಂದು ದಪ್ಪಕ್ಷರದ ಬರಹ; ಕೆಳಗೆ ಲಾಡ್ಜಿನ ಹೆಸರು, ವೈದ್ಯರು ಬರುವ ತಾರೀಖು. ಇಂಥ ಜಾಹೀರಾತುಗಳನ್ನು ನಿಷೇಧಿಸುವ ಕಾಯಿದೆ 1954ರಲ್ಲಿಯೇ ಬಂದಿತು. ಎಪ್ಪತ್ತು ವರ್ಷ ದಾಟಿದರೂ ಗೋಡೆಯ ಬರಹ ಅಳಿಸಿಲ್ಲ. ಏಕೆ? ಅದನ್ನು ಓದಿಕೊಂಡು ಹೋಗುವ ಮನುಷ್ಯನಿಗೆ ಬೇರೆ ಬಾಗಿಲು ತೋರಿಸಿದವರಿಲ್ಲ.

ಹಾಗೆ ಹೋಗುವಾತ ಪರಕೀಯನಲ್ಲ. ಎಣ್ಣೆ ಗಿರಣಿಯ ಹಮಾಲಿ, ಹಿರಿಯೂರಿನ ಹೆದ್ದಾರಿಯಲ್ಲಿ ಲಾರಿ ಓಡಿಸುವಾತ, ಹೊಸದುರ್ಗದಲ್ಲಿ ಕೊಬ್ಬರಿ ವ್ಯಾಪಾರ ಮಾಡುವಾತ. ವಾರದ ದುಡಿಮೆಯನ್ನು ಕೊಟ್ಟು ಪುಡಿಯ ಪೊಟ್ಟಣ ತರುತ್ತಾನೆ. ಅವನಿಗಿರುವುದು ಬರೀ ಭಯವಾಗಿರಬಹುದು. ಸ್ವಪ್ನಸ್ಖಲನ ಕಾಯಿಲೆಯೇ ಅಲ್ಲ. ಸಿಫಿಲಿಸ್ ಆಗಿದ್ದರೆ ಪೆನಿಸಿಲಿನ್ ಚುಚ್ಚುಮದ್ದಿನಿಂದ ವಾಸಿಯಾಗುತ್ತದೆ. ಗಂಡಸುತನ ಕುಂದಿತೆಂದು ಹೆದರಿದವನಿಗೆ ಸಕ್ಕರೆ ಕಾಯಿಲೆಯೋ, ಹೃದಯದ ರಕ್ತನಾಳಗಳ ತೊಂದರೆಯೋ ಮೊದಲ ಸೂಚನೆ ಕೊಡುತ್ತಿರಬಹುದು. ಪುಡಿ ಮಾರುವವನು ರಕ್ತಪರೀಕ್ಷೆ ಮಾಡಿಸುವನೆ?

“ಹೆಂಗಸರ ಹೆರಿಗೆಗೇ ಸಾಲದ ಹಣ, ಗಂಡಸರ ಈ ಚಾಳಿಗೇಕೆ?” ಎಂದು ಕೇಳುವವರಿದ್ದಾರೆ. ಪ್ರಶ್ನೆ ಹಗುರವಾದುದಲ್ಲ. ಆದರೆ ಲೆಕ್ಕ ನೋಡಿ. ಬಸುರಿಯ ರಕ್ತವನ್ನು ಸಿಫಿಲಿಸ್, ಎಚ್.ಐ.ವಿ. ಎರಡಕ್ಕೂ ಪರೀಕ್ಷಿಸುತ್ತಾರೆ. ಸಿಫಿಲಿಸ್ ಕಂಡು ಆಕೆಗೆ ಮಾತ್ರ ಮದ್ದು ಕೊಟ್ಟು ಗಂಡನನ್ನು ಬಿಟ್ಟರೆ, ಅವನಿಂದ ಮತ್ತೆ ಆಕೆಗೆ ಬರುತ್ತದೆ, ಹೊಟ್ಟೆಯ ಮಗುವಿಗೂ ತಗಲುತ್ತದೆ. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ದೇಶದ ವಿವಾಹಿತ ದಂಪತಿಗಳಲ್ಲಿ ಹೆಂಡತಿಗೆ ಸಂತಾನಹರಣ ಆಪರೇಷನ್ ಆದದ್ದು ನೂರಕ್ಕೆ 37.9, ಗಂಡನಿಗೆ ಆದದ್ದು 0.3. ಗಂಡಸಿನ ಆಪರೇಷನ್ನೇ ಚಿಕ್ಕದು, ಸುಲಭದ್ದು. ಅದರಿಂದ ಗಂಡಸುತನ ಹೋಗುವುದಿಲ್ಲ. ಆದರೂ ಕತ್ತರಿ ಹೆಂಗಸಿನ ಹೊಟ್ಟೆಗೇ! ಗಂಡಸನ್ನು ಹೊರಗಿಟ್ಟ ಆಸ್ಪತ್ರೆಯ ಭಾರ ಬೀಳುವುದು ಹೆಂಗಸಿನ ಮೇಲೆಯೇ.

ಈ ಭಯಕ್ಕೆ ಇತಿಹಾಸವೂ ಇದೆ. 1930ರಲ್ಲಿಯೇ ಸಂತಾನ ನಿಯಂತ್ರಣದ ಸರ್ಕಾರಿ ಚಿಕಿತ್ಸಾಲಯ ತೆರೆದ ಮೈಸೂರು ಸಂಸ್ಥಾನದಲ್ಲಿ ನಮ್ಮ ಚಿತ್ರದುರ್ಗವೂ ಸೇರಿತ್ತು. ಅಲ್ಲಿ ಜನರೇ ಬರಬೇಕಿತ್ತು. ತುರ್ತುಪರಿಸ್ಥಿತಿಯ 1976-77ರಲ್ಲಿ ಜನರನ್ನೇ ಎಳೆದು ತಂದರು. ದೇಶದಲ್ಲಿ 80 ಲಕ್ಷಕ್ಕೂ ಹೆಚ್ಚು ಆಪರೇಷನ್, ಬಹುಪಾಲು ಗಂಡಸರಿಗೆ. ಆಮೇಲೆ ಸರ್ಕಾರ ಹೆಂಗಸರ ಕಡೆಗೆ ತಿರುಗಿತು. ಬಲಾತ್ಕಾರವನ್ನು ನಾವು ಮತ್ತೊಮ್ಮೆ ಕೇಳುತ್ತಿಲ್ಲ, ಹಕ್ಕನ್ನು ಕೇಳುತ್ತಿದ್ದೇವೆ.

ಇ.ಎಸ್.ಐ.ಗೆ ಕೆಲಸಗಾರನ ಸಂಬಳದ ನೂರು ರೂಪಾಯಿಗೆ 75 ಪೈಸೆ, ಮಾಲೀಕನಿಂದ 3 ರೂಪಾಯಿ 25 ಪೈಸೆ ಸಲ್ಲುತ್ತದೆ. ಆಪರೇಷನ್ ಮಾಡಿಸಿಕೊಂಡ ಗಂಡಸಿಗೆ ಅದರಲ್ಲಿ 7 ದಿನದ ಪೂರ್ಣ ಸಂಬಳವುಂಟು. ಈ ಸಭೆಯಲ್ಲಿ ಅದನ್ನು ತಿಳಿದವರು ಎಷ್ಟು ಮಂದಿ? ಹತ್ತು ಆಳಿಲ್ಲದ ಗಿರಣಿಗೂ, ತಾನೇ ತಕ್ಕಡಿ ಹಿಡಿಯುವ ಅಂಗಡಿಯವನಿಗೂ ಆ ವಿಮೆಯೇ ಇಲ್ಲ. ಅವರಿಗುಳಿದದ್ದು ಆಯುಷ್ಮಾನ್ ಕಾರ್ಡು. ಅದು ಹಾಸಿಗೆ ಹಿಡಿದವನಿಗೆ. ಹೊರರೋಗಿಯ ಚಿಕಿತ್ಸೆಗೂ, ಮಕ್ಕಳಾಗದವರ ಚಿಕಿತ್ಸೆಗೂ ಅದು ದುಡ್ಡು ಕೊಡುವುದಿಲ್ಲ. ಗುಪ್ತರೋಗಕ್ಕೆ ಯಾರು ಹಾಸಿಗೆ ಹಿಡಿದು ಮಲಗುತ್ತಾರೆ?

ಜಿಲ್ಲಾ ಆಸ್ಪತ್ರೆಗಳಲ್ಲಿ ‘ಸುರಕ್ಷಾ’ ಎಂಬ ಹೆಸರಿನಲ್ಲಿ ಇದಕ್ಕೆ ಉಚಿತ ಚಿಕಿತ್ಸೆಯಿದೆ; ಒಳ್ಳೆಯದೇ. ಆದರೆ ಹೊಳಲ್ಕೆರೆಯ ಕೂಲಿಯವನು ದಿನದ ಕೂಲಿ ಬಿಟ್ಟು, ಬಸ್ಸಿನ ಚಾರ್ಜು ತೆತ್ತು ದುರ್ಗಕ್ಕೆ ಬರಬೇಕು. ಆದುದರಿಂದ ತಾಲ್ಲೂಕು ಆಸ್ಪತ್ರೆಗಳಲ್ಲಿ ವಾರಕ್ಕೆರಡು ಸಂಜೆ, ಗಿರಣಿ ಬಿಟ್ಟ ಮೇಲೆ, ಗಂಡಸರಿಗೆಂದೇ ವೈದ್ಯರು ಕೂರಲಿ. ರಕ್ತದೊತ್ತಡ, ಸಕ್ಕರೆ, ಸಿಫಿಲಿಸ್ ಪರೀಕ್ಷೆ ಒಂದೇ ಕಡೆ ಆಗಲಿ. ಹೆಸರು ಕೂಗಿ ಕರೆಯದೆ ಚೀಟಿಯ ನಂಬರಿನಿಂದ ಕರೆಯಲಿ. ಇದರ ಖರ್ಚು ಕಾರ್ಡಿನಿಂದಲೇ ಸಲ್ಲಲಿ. ಈ ಬೇಡಿಕೆಯ ಅರ್ಜಿ ಮೇಜಿನ ಮೇಲಿದೆ. ರುಜು ಹಾಕಲು ನಾಚುವವರು ಹೆಬ್ಬೆಟ್ಟೊತ್ತಬಹುದು.