ಬಡಾವಣೆಯ ಸುಖ ಯಾರದು?

(ಹೊಳವನಹಳ್ಳಿಯಲ್ಲಿ ಕಾರ್ಮಿಕರು ಮತ್ತು ಸಣ್ಣ ವರ್ತಕರ ಸಭೆಯಲ್ಲಿ ಮಾಡಿದ ಭಾಷಣ)



ನಮ್ಮ ಹೋಬಳಿಯಲ್ಲಿ ಬೆಂಗಳೂರನ್ನು ಕಾಣದ ಮನೆ ಅಪರೂಪ. ಮಲ್ಲೇಶ್ವರ, ಜಯನಗರ, ಕೋರಮಂಗಲಗಳಲ್ಲಿ ಕೆಲಸ ಮಾಡಿ ಬಂದವರು ಹೇಳುವ ಮಾತು ಒಂದೇ: "ಇದ್ದರೆ ಅಲ್ಲಿ ಇರಬೇಕು." ಈ ಮಾತಿನಲ್ಲಿ ತಪ್ಪೇನೂ ಇಲ್ಲ. ಮನೆಯ ಮುಂದೆ ಮರದ ನೆರಳು, ನಲ್ಲಿಯಲ್ಲಿ ನೀರು, ಮುಚ್ಚಿದ ಚರಂಡಿ, ಮಕ್ಕಳಿಗೆ ಉದ್ಯಾನ, ನಡೆದು ಹೋಗುವಷ್ಟು ದೂರದಲ್ಲಿ ಶಾಲೆ, ಆಸ್ಪತ್ರೆ, ಗ್ರಂಥಾಲಯ. ಮನುಷ್ಯ ಹೀಗೆ ಬದುಕಬೇಕಾದದ್ದೇ. ಬಡತನವೇ ದೊಡ್ಡ ಗುಣವೆಂದು ಹೊಗಳುವವರು ನಾವಲ್ಲ.

ನಾವು ಕೇಳುವುದು ಬೇರೆ ಪ್ರಶ್ನೆ. ಆ ಸುಖ ಬಂದದ್ದು ಎಲ್ಲಿಂದ? ಅಲ್ಲಿ ಮನೆ ಉಳ್ಳವರು ತಮ್ಮ ಜಾಣತನದಿಂದ ಗಳಿಸಿದ್ದೆಂದು ಹೇಳುವುದುಂಟು. ಚರಿತ್ರೆ ಹಾಗೆ ಹೇಳುವುದಿಲ್ಲ.

1898ರಲ್ಲಿ ಬೆಂಗಳೂರಿಗೆ ಪ್ಲೇಗು ಬಂತು. ಇಕ್ಕಟ್ಟಾದ ಪೇಟೆಯಲ್ಲಿ ಜನ ಸಾಯತೊಡಗಿದಾಗ ಸರ್ಕಾರವೇ ಮುಂದೆ ನಿಂತು ಬಸವನಗುಡಿ, ಮಲ್ಲೇಶ್ವರಗಳನ್ನು ಬೆಳೆಸಿತು. ಅಗಲವಾದ ರಸ್ತೆ, ಗಾಳಿ ಬೆಳಕಿನ ನಿವೇಶನ, ಎಲ್ಲವೂ ಮೊದಲೇ ಗೊತ್ತು ಮಾಡಿದ್ದು. 1945ರಲ್ಲಿ ನಗರಾಭಿವೃದ್ಧಿಗೆಂದು ಮಂಡಳಿಯೊಂದು ಆಯಿತು. 1948ರಲ್ಲಿ ಜಯನಗರಕ್ಕೆ ರಾಜಗೋಪಾಲಾಚಾರಿಯವರು ಅಡಿಗಲ್ಲಿಟ್ಟರು. 1976ರಲ್ಲಿ ಮಂಡಳಿಯ ಜಾಗಕ್ಕೆ ಪ್ರಾಧಿಕಾರ ಬಂತು. ಬಿನ್ನಮಂಗಲ, ದೊಮ್ಮಲೂರುಗಳ ಹೊಲಗಳು ನಿವೇಶನಗಳಾದವು. ಕಾವೇರಿಯ ನೀರು 1974ರಿಂದ ಬರುತ್ತಿದೆ. ತೊರೆಕಾಡನಹಳ್ಳಿಯಿಂದ ಸುಮಾರು 100 ಕಿಲೋಮೀಟರು ದೂರ, ಸುಮಾರು 500 ಮೀಟರು ಎತ್ತರಕ್ಕೆ ಅದನ್ನು ಪಂಪು ಮಾಡಬೇಕು. ಯಾವ ಶ್ರೀಮಂತನೂ ಅದನ್ನು ತನ್ನ ಕೈಯಿಂದ ಎತ್ತಿ ತಂದಿಲ್ಲ. ಅದು ಸಾರ್ವಜನಿಕ ಹಣ. ಅಂಗಡಿಯಲ್ಲಿ ಒಂದು ಸೋಪು ಕೊಂಡ ಕೂಲಿಯವನ ತೆರಿಗೆಯೂ ಸರ್ಕಾರದ ಬೊಕ್ಕಸ ಸೇರುತ್ತದೆ.

ಅಂದಮೇಲೆ ಆ ಸುಖದಲ್ಲಿ ದುಡಿಯುವವನಿಗೆ ಎಷ್ಟು ಪಾಲು ಸಿಕ್ಕಿದೆ?

ಹಳೆಯ ಬಡಾವಣೆಗಳಲ್ಲಿ ಮನೆಗಳ ಹಿಂದೆ ಸಣ್ಣ ಓಣಿ ಬಿಟ್ಟಿದ್ದನ್ನು ನೀವು ನೋಡಿರಬಹುದು. ಮಲ ಹೊರುವವರು ಮುಂಬಾಗಿಲಿನ ಕಡೆ ಬಾರದೆ ಹಿಂದಿನಿಂದಲೇ ಬಂದು ಹೋಗಲೆಂದು ಬಿಟ್ಟ ದಾರಿ ಅದು. ಮಲ ಹೊರಿಸುವುದನ್ನು 1993ರ ಕಾನೂನು ನಿಷೇಧಿಸಿತು, 2013ರಲ್ಲಿ ಇನ್ನೂ ಬಿಗಿಯಾದ ಕಾನೂನು ಬಂತು. ಆದರೆ ಹಿಂದಿನ ಓಣಿಯ ಬುದ್ಧಿ ಹೋಗಲಿಲ್ಲ. ಇಂದಿನ ಕೆಲವು ಬಹುಮಹಡಿ ವಸತಿಗಳಲ್ಲಿ ಮನೆಗೆಲಸದವರಿಗೆ ಬೇರೆ ಲಿಫ್ಟು. ಹೊರಗೆ ಹೋಗುವಾಗ ಗೇಟಿನಲ್ಲಿ ಅವರ ಚೀಲ ತಪಾಸಣೆ. ಮನೆಯ ಬೀಗದ ಕೈ ಕೊಡುವಷ್ಟು ನಂಬಿಕೆ ಇದೆ, ಜೊತೆಯಲ್ಲಿ ನಿಂತು ಮೇಲೆ ಹೋಗುವಷ್ಟು ಇಲ್ಲ! ಮನೆಗೆಲಸಕ್ಕೆ ಕನಿಷ್ಠ ವೇತನವನ್ನು ನಮ್ಮ ರಾಜ್ಯ 2004ರಲ್ಲೇ ಗೊತ್ತು ಮಾಡಿತು. ಅದು ಕೈಗೆ ಸಿಕ್ಕಿತೇ ಎಂದು ಅಲ್ಲಿ ದುಡಿಯುವ ನಮ್ಮ ಅಕ್ಕತಂಗಿಯರನ್ನೇ ಕೇಳಿ.

ಅವರು ರಾತ್ರಿ ಎಲ್ಲಿ ಮಲಗುತ್ತಾರೆ? ಕೋರಮಂಗಲದ ಮಗ್ಗುಲಲ್ಲೇ ಈಜಿಪುರವಿದೆ. ಬಡವರಿಗೆಂದು ಪಾಲಿಕೆ ಅಲ್ಲಿ ಮನೆ ಕಟ್ಟಿತ್ತು. ಕಟ್ಟಡಗಳು ಶಿಥಿಲವಾದವು, 2007ರಲ್ಲಿ ಒಂದು ಭಾಗ ಕುಸಿಯಿತು. 2013ರ ಜನವರಿಯ ಚಳಿಯಲ್ಲಿ ಅಲ್ಲಿದ್ದವರನ್ನು ಒಕ್ಕಲೆಬ್ಬಿಸಿದರು. ಇನ್ನೊಂದು ಕಡೆ, ಸಾವಿರಾರು ಕಾರ್ಮಿಕರು ಬೆವರು ಸುರಿಸಿದ ಬಿನ್ನಿ ಮಿಲ್ಲಿನ ನೆಲದಲ್ಲಿ ಬಹುಮಹಡಿ ವಸತಿ ಎದ್ದಿದೆ. ಮಿಲ್ಲಿನ ಸೋದರರು ಇದನ್ನು ಮರೆಯಬಾರದು. ದುಡಿಮೆ ಬೇಕು, ದುಡಿಯುವವನ ನೆರೆ ಬೇಡ ಎಂಬುದೇ ಸಿರಿವಂತ ಬಡಾವಣೆಯ ನಿಯಮವಾಗಿದೆ.

ಗೋಡೆ ಕಟ್ಟಿಕೊಂಡವರಾದರೂ ನೆಮ್ಮದಿಯಾಗಿದ್ದಾರೆಯೇ? 2022ರ ಸೆಪ್ಟೆಂಬರಿನಲ್ಲಿ ಬೆಳ್ಳಂದೂರು, ಯಮಲೂರು, ಸರ್ಜಾಪುರ ರಸ್ತೆಯ ಕಡೆ ಮಳೆ ಬಿತ್ತು. ಕೋಟಿಗಟ್ಟಲೆ ಬೆಲೆಯ ಬಂಗಲೆಗಳಿಗೆ ನೀರು ನುಗ್ಗಿತು. ನಾವು ರಾಗಿ ಹೇರುವಂಥ ಟ್ರ್ಯಾಕ್ಟರಿನಲ್ಲಿ ಕುಳಿತು ಅಲ್ಲಿನವರು ಹೊರಗೆ ಬಂದರು. ಅದೇ ನೀರಿನಲ್ಲಿ ಪಕ್ಕದ ಗುಡಿಸಲುಗಳೂ ಮುಳುಗಿದವು. ಕೆರೆಯ ಅಂಗಳ, ರಾಜಕಾಲುವೆಗಳನ್ನು ಒತ್ತಿದ್ದರ ಫಲ ಅದು. 2024ರ ಬೇಸಿಗೆಯಲ್ಲಿ ನೀರಿಗೆ ಹಾಹಾಕಾರವೆದ್ದು, ಕುಡಿಯುವ ನೀರಿನಲ್ಲಿ ಕಾರು ತೊಳೆದರೆ 5,000 ರೂಪಾಯಿ ದಂಡವೆಂದು ಜಲಮಂಡಳಿ ಸಾರಬೇಕಾಯಿತು. ಬಂಗಲೆಯನ್ನು ಒಬ್ಬನೇ ಕೊಳ್ಳಬಹುದು. ಕೆರೆಯನ್ನೂ ಕಾಲುವೆಯನ್ನೂ ಊರೇ ಕೂಡಿ ಕಾಪಾಡಬೇಕು.

ಈಗ ನಮ್ಮ ಬಾಗಿಲಿಗೆ ಬರೋಣ. ಬೆಂಗಳೂರು ಬೆಳೆಯುತ್ತ ದೊಡ್ಡಬಳ್ಳಾಪುರವನ್ನು ಮುಟ್ಟಿದೆ. ಇತ್ತ ತುಮಕೂರು ಬೆಳೆಯುತ್ತಿದೆ. ನಡುವೆ ಇರುವವರು ನಾವು. ಹೊಲಕ್ಕೆ ಕಲ್ಲು ನೆಟ್ಟು, ಬಣ್ಣದ ಕಮಾನು ಕಟ್ಟಿ, ಕಂತಿನಲ್ಲಿ ಸೈಟು ಕೊಡುತ್ತೇವೆನ್ನುವವರು ಎಲ್ಲ ಕಡೆಯೂ ಹುಟ್ಟಿಕೊಂಡಿದ್ದಾರೆ. ಅಂಗಡಿಯ ಗಲ್ಲಾದಲ್ಲಿ ಉಳಿಸಿದ ಹಣವನ್ನು, ಗಾರ್ಮೆಂಟ್ಸಿನಲ್ಲಿ ದುಡಿದ ಹೆಣ್ಣುಮಕ್ಕಳ ಸಂಬಳವನ್ನು ಅವರ ಕೈಗೆ ಹಾಕುವ ಮೊದಲು ಕೇಳಿ: ಭೂಪರಿವರ್ತನೆಯ ಆದೇಶ ಎಲ್ಲಿ? ಮಂಜೂರಾದ ನಕ್ಷೆ ಎಲ್ಲಿ? ಉದ್ಯಾನಕ್ಕೆ ಬಿಟ್ಟ ಜಾಗ ಯಾವುದು? ಚರಂಡಿಯ ನೀರು ಎಲ್ಲಿಗೆ ಹೋಗುತ್ತದೆ? ಕೆರೆಗೆ ಎಂದರೆ ಎದ್ದು ಬನ್ನಿ. ಕಾಗದವಿಲ್ಲದ ಸೈಟು ಕೊಂಡವನಿಗೆ ಬಡಾವಣೆಯ ಸುಖವಿಲ್ಲ, ಕಂತು ಮಾತ್ರ ಉಂಟು.

ಎರಡನೆಯ ಮಾತು. ಪ್ಲೇಗು ಬಂದಾಗ ಸರ್ಕಾರ ಮಲ್ಲೇಶ್ವರವನ್ನು ಬೆಳೆಸಬಲ್ಲುದಾದರೆ, ಹೊಳವನಹಳ್ಳಿಯನ್ನು ಬೆಳೆಸಲು ಇನ್ನೊಂದು ಪ್ಲೇಗು ಬರಬೇಕೆ? ಆರು ತಿಂಗಳಿಗೊಮ್ಮೆಯಾದರೂ ಗ್ರಾಮಸಭೆ ಸೇರಬೇಕೆಂದು ಕಾನೂನಿದೆ. ಅಲ್ಲಿಗೆ ಹೋಗಿ. ಹೆಂಗಸರನ್ನೂ ಕರೆದುಕೊಂಡು ಹೋಗಿ. ಜಯಮಂಗಲಿಯ ದಡ ಒತ್ತುವರಿಯಾಗದಿರಲಿ, ಮನೆಯಿಲ್ಲದವರ ನಿವೇಶನ ಊರ ಹೊರಗಿನ ಕಲ್ಲುಗುಡ್ಡದಲ್ಲಿ ಬೇಡ, ಊರೊಳಗೆ ಕೊಡಿ, ಚರಂಡಿಯ ಕೆಲಸ ದಲಿತರ ಕೇರಿಯಿಂದ ಮೊದಲಾಗಲಿ ಎಂದು ಕೇಳಿ. ಕೇಳಿದ್ದನ್ನು ನಡಾವಳಿ ಪುಸ್ತಕದಲ್ಲಿ ಬರೆಸಿ, ಓದಿಸಿ ಕೇಳಿಕೊಂಡು ಆಮೇಲೆ ರುಜು ಹಾಕಿ.

ಸಿರಿವಂತರ ಬಡಾವಣೆಯನ್ನು ಕೆಡವಬೇಕೆಂದು ನಾವು ಹೇಳುತ್ತಿಲ್ಲ. ಅಲ್ಲಿರುವ ನಲ್ಲಿ, ನೆರಳು, ಶಾಲೆ ಎಲ್ಲರ ಹಣದಿಂದ ಆದವು. ಅವು ಎಲ್ಲರ ಬೀದಿಗೂ ಬರಬೇಕು. ಮುಂದಿನ ಗ್ರಾಮಸಭೆಯ ದಿನ ಅಂಗಡಿಗಳು ಎರಡು ಗಂಟೆ ಮುಚ್ಚಿರಲಿ. ಪಾಳಿ ಇಲ್ಲದವರು ಮುಂದಿನ ಸಾಲಿನಲ್ಲಿ ಕೂತಿರಲಿ.