ಮನೆ ಮೇಲೆದ್ದಿತು, ನೆಲ ಕೆಳಗೇ ಉಳಿಯಿತು

ವೇದಿಕೆಯವರು "ಮನೆ ಎತ್ತಿಸಿದ ಕಥೆ ಹೇಳಿ" ಎಂದಾಗ ನಗು ಬಂತು. ಮನೆ ಕಟ್ಟಿಸಿದವರು ನಮ್ಮಲ್ಲಿ ಬಹಳ ಮಂದಿ, ಎತ್ತಿಸಿದವಳು ನಾನೊಬ್ಬಳೇ ಇರಬೇಕು.

ನಮ್ಮ ಮಾವನವರು ಕಲಬುರಗಿಯಿಂದ ಬಂದು ಇಲ್ಲಿ ಮನೆ ಕಟ್ಟಿದಾಗ ಅದು ರಸ್ತೆಗಿಂತ ಎರಡು ಮೆಟ್ಟಿಲು ಎತ್ತರದಲ್ಲಿತ್ತಂತೆ. ಡಾಂಬರಿನ ಮೇಲೆ ಡಾಂಬರು ಬಿದ್ದು, ಕೊನೆಗೆ ನಾವೇ ಮೆಟ್ಟಿಲಿಳಿದು ಒಳಗೆ ಹೋಗುವಂತಾಯಿತು. 2020ರ ಅಕ್ಟೋಬರ್ 13ರ ರಾತ್ರಿಯ ಮಳೆ ನಿಮಗೆಲ್ಲ ನೆನಪಿದೆ. ಅಂದು ನಾಲಾ ನೀರು ಮಂಚದ ಮಟ್ಟಕ್ಕೆ ಬಂತು. ಅತ್ತೆಯವರನ್ನು ಕುರ್ಚಿ ಸಮೇತ ಪಕ್ಕದ ಮನೆಯ ಮಹಡಿಗೆ ಹೊತ್ತೆವು. 1908ರ ಮೂಸಿ ಪ್ರವಾಹದ ನಂತರ ನಮ್ಮ ವಿಶ್ವೇಶ್ವರಯ್ಯನವರನ್ನು ಇಲ್ಲಿಗೆ ಕರೆಸಿದ್ದರು. ಅವರ ಸಲಹೆಯಿಂದಲೇ ಉಸ್ಮಾನ್ ಸಾಗರ, ಹಿಮಾಯತ್ ಸಾಗರ ಆದವು. ನಮ್ಮ ಬೀದಿಯ ನಾಲಾಗೆ ಅಂಥವರು ಯಾರೂ ಬರಲಿಲ್ಲ.

ಕೆಡವಿ ಕಟ್ಟೋಣವೆಂದರೆ ಅತ್ತೆ ಒಪ್ಪಲಿಲ್ಲ. ಆಗ ಮನೆ ಎತ್ತುವ ಹರಿಯಾಣದ ಕೆಲಸಗಾರರ ವಿಷಯ ತಿಳಿಯಿತು. ಸ್ಟ್ರಕ್ಚರಲ್ ಇಂಜಿನಿಯರಿಗೆ ಗೋಡೆ ತೋರಿಸಿದ ಮೇಲೆಯೇ ಮುಂಗಡ ಕೊಟ್ಟೆ. ನೀವೂ ಹಾಗೇ ಮಾಡಿ. ಅವರು ಗೋಡೆಯ ಬುಡವನ್ನು ತುಸುತುಸುವೇ ಕೊರೆದು, ಕಬ್ಬಿಣದ ಚಾನಲ್ ಕೂರಿಸಿ, ಅದರಡಿ ಜಾಕ್ ಇಟ್ಟರು. ಲಾರಿ ಟೈರು ಬದಲಿಸಲು ಇಡುತ್ತಾರಲ್ಲ, ಅಂಥವು, 140. ಮೇಸ್ತ್ರಿ ಕೂಗಿದಾಗ ಎಲ್ಲರೂ ಒಟ್ಟಿಗೆ ಅಷ್ಟಷ್ಟೇ ತಿರುಗಿಸಬೇಕು. ಒಂದು ಕಡೆ ಹೆಚ್ಚಾದರೆ ಗೋಡೆ ಬಿರಿಯುತ್ತದೆ. ಗೇಟಿನ ಬಳಿ ನಿಂತು ಎಷ್ಟು ಸಲ ರಾಯರನ್ನು ನೆನೆದೆನೋ! ಮೂರು ಅಡಿ ಏಳಲು 12 ದಿನ ಹಿಡಿಯಿತು. ಆಮೇಲೆ ಜಾಕ್‌ಗಳ ನಡುವೆ ಇಟ್ಟಿಗೆ ಕಟ್ಟಿ, ಒಂದೊಂದೇ ಜಾಕ್ ತೆಗೆದು ಆ ಕಿಂಡಿ ಮುಚ್ಚಿದರು.

ನನಗೆ ಮೊದಲೇ ಹೊಳೆಯದ ಒಂದು ಮಾತಿದೆ. ಗೋಡೆ, ತಾರಸಿ ಏಳುತ್ತವೆ, ನೆಲ ಏಳುವುದಿಲ್ಲ. ಅತ್ತೆ ನೋಡಲು ಬಂದಾಗ ಹೊಸ್ತಿಲು ಅವರ ಸೊಂಟದ ಮಟ್ಟಕ್ಕಿತ್ತು. ಕೆಳಗೆ, ವರ್ಷಗಟ್ಟಲೆ ಕೊಬ್ಬರಿ ಎಣ್ಣೆ ಹಚ್ಚಿ ಅವರು ಹೊಳಪು ತಂದಿದ್ದ ಕೆಂಪು ರೆಡ್ ಆಕ್ಸೈಡ್ ನೆಲ. ಅದರ ಮೇಲೆ ಮೊರಂ ತುಂಬಿ ಟೈಲ್ಸ್ ಹಾಕಬೇಕಿತ್ತು. ಅವರು ಏನೂ ಅನ್ನಲಿಲ್ಲ. ದೇವರ ಮನೆಯ ಜಾಗ ಗುಡಿಸಿ, ರಂಗೋಲಿ ಇಟ್ಟು, "ಇನ್ನ ಮಣ್ಣ ಹಾಕಂತ ಹೇಳವ್ವ" ಅಂದರು.

ಕಳೆದ ಮಳೆಗಾಲದಲ್ಲಿ ನೀರು ನಮ್ಮ ಒಳಗೆ ಬರಲಿಲ್ಲ. ಅಂದು ನಮಗೆ ಆಸರೆ ಕೊಟ್ಟ ಪಕ್ಕದ ಮನೆಯ ಕೆಳಗಿನ ಕೋಣೆಗಳಿಗೆ ಬಂತು. ಅವರ ಅಕ್ಕಿ ಮೂಟೆ, ಫ್ರಿಜ್ಜು ಎರಡು ದಿನ ನಮ್ಮ ಹಾಲಿನಲ್ಲಿದ್ದವು. ಹೊಸ ಆರು ಮೆಟ್ಟಿಲು ಹತ್ತುವಾಗ ಅತ್ತೆ ಮಂಡಿ ಹಿಡಿದುಕೊಂಡು ಮೇಸ್ತ್ರಿಯನ್ನು ಬೈಯುತ್ತಾರೆ. ಕಂಬಿ ಹಾಕಿಸಿದ್ದೇನೆ.